ಹೆಸರು ಮರೆತರೆ ಗಿಡವೂ ಮರೆಯಾಗುತ್ತದೆ



ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನಾನು ನಿಘಂಟಿನಲ್ಲಿ ಬರುವ ಗಿಡಮೂಲಿಕೆಗಳ ಹೆಸರುಗಳನ್ನು ತಡವರಿಸದೆ ಒಪ್ಪಿಸುತ್ತಿದ್ದೆ. ‘ಅಪಾಮಾರ್ಗ’ ಎಂದರೆ ಸಾಕು, ಅದರ ಪರ್ಯಾಯ ಪದಗಳೆಲ್ಲ ನಾಲಿಗೆಯ ತುದಿಗೆ ಬರುತ್ತಿದ್ದವು. ಒಂದು ಮುಂಜಾನೆ ಪೂಜೆಗೆ ಪತ್ರಿ ತರಲೆಂದು ಹೊಲದ ಬದುವಿನ ಮೇಲೆ ಹೋಗಿ ಬಂದಾಗ ಧೋತರದ ಅಂಚಿಗೆ ಮುಳ್ಳುಮುಳ್ಳಾದ ಬೀಜಗಳು ಸಾಲುಗಟ್ಟಿ ಅಂಟಿಕೊಂಡಿದ್ದವು. ಬೇಸರದಿಂದ ಅವನ್ನು ಕಿತ್ತೆಸೆಯುತ್ತಿದ್ದಾಗ, ದಾಸೋಹದ ಮನೆಯಲ್ಲಿ ಸೇವೆ ಮಾಡುತ್ತಿದ್ದ ಅಜ್ಜಿಯೊಬ್ಬರು ನಕ್ಕು, “ಉತ್ತರಾಣಿ ರೀ ದೇವರ, ಅದರ ಕಡ್ಡಿ ಹಲ್ಲಿಗೆ ಭಾಳ ಚಲೋ” ಎಂದರು. ಉತ್ತರಾಣಿಯೇ ಅಪಾಮಾರ್ಗವೆಂದು ನನಗೆ ತಿಳಿದದ್ದು ಮರುದಿನ ಗುರುಗಳನ್ನು ಕೇಳಿದ ಮೇಲೆ. ನಾನು ಪದವನ್ನು ಬಲ್ಲವನಾಗಿದ್ದೆ. ಆ ತಾಯಿ ಗಿಡವನ್ನು ಬಲ್ಲವರಾಗಿದ್ದರು. ಅವರು ಲಿಂಗೈಕ್ಯರಾಗಿ ಎಷ್ಟೋ ವರುಷಗಳಾದವು. ಅವರು ಬಲ್ಲ ಗಿಡಗಳೆಷ್ಟು, ಅವುಗಳ ಬಳಕೆಯೇನು ಎಂಬುದನ್ನು ಕೇಳಿ ಬರೆದಿಡಬೇಕೆಂಬ ಬುದ್ಧಿ ಆಗ ನನಗೆ ಬರಲಿಲ್ಲ. ಅಕ್ಷರ ಬಲ್ಲವನಿಂದಾದ ಈ ಅಪರಾಧ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ನಮ್ಮ ಸೀಮೆಯ ಸಸ್ಯಸಂಪತ್ತು ಒಂದೇ ತೆರನಾದುದಲ್ಲ. ಹಾನಗಲ್ಲ ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಭತ್ತದ ಗದ್ದೆ, ಕೆರೆಯ ಏರಿ, ಕಾಡಿನ ಅಂಚು. ಸವಣೂರಿನತ್ತ ಬಂದರೆ ಎರೆಹೊಲ, ಒಣಹವೆ. ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ಈ ಎರಡರ ಗುಣವೂ ಕೂಡಿವೆ. ಒಂದು ಹಗಲಿನ ಪ್ರಯಾಣದೊಳಗೆ ಬದುವಿನ ಗಿಡಗಳು ಬದಲಾಗುತ್ತವೆ, ಕೆಲವೊಮ್ಮೆ ಒಂದೇ ಗಿಡದ ಹೆಸರೂ ಬದಲಾಗುತ್ತದೆ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಮಹಾವೃಕ್ಷಗಳನ್ನು ಕಾಣದ ಭಕ್ತರು ಈ ಭಾಗದಲ್ಲಿ ವಿರಳ. ಬೆರಳು ಬಿಡಿಸಿದ ಅಂಗೈಯಂತೆ ಎಲೆ, ರಾತ್ರಿ ಅರಳುವ ಬಿಳಿಯ ಹೂ, ಹುಳಿಯಾದ ತಿರುಳಿನ ಕಾಯಿ. ಆ ಹುಳಿಯಿಂದಲೇ ‘ದೊಡ್ಡಹುಣಸೆ’ ಎಂಬ ಹೆಸರು. ಇದರ ತವರು ಆಫ್ರಿಕಾ ಖಂಡ. 2023ರ ಜುಲೈ ತಿಂಗಳಿನಲ್ಲಿ ಈ ಮೂರರಲ್ಲಿ ಒಂದು ಮರ ಬುಡಸಹಿತ ಉರುಳಿತು. ಭಕ್ತರು ಕಣ್ಣೀರಿಟ್ಟರು, ಯಂತ್ರಗಳನ್ನು ತರಿಸಿ ಅದನ್ನು ಮತ್ತೆ ಎತ್ತಿ ನೆಟ್ಟರು. ದೂರದೇಶದ ಮರಕ್ಕೂ ನಮ್ಮ ನೆಲದಲ್ಲಿ ಇಂಥ ಆರೈಕೆ ದೊರೆತುದು ಹೇಗೆ? ಅದಕ್ಕೊಂದು ಹೆಸರಿತ್ತು, ಒಂದು ಕಥೆಯಿತ್ತು, ತನ್ನದೆನ್ನುವ ಜನಸಮೂಹವಿತ್ತು.

ಆದರೆ ಅದೇ ಮಣ್ಣಿನ ಮಕ್ಕಳಾದ ತುಂಬೆ, ಲಕ್ಕಿ, ನೆಗ್ಗಿಲು, ಕವಳಿ, ಹೊನ್ನಾವರಿಕೆಗಳು ನಾಶವಾದರೆ ಕೇಳುವವರಾರು? ತಾಯಂದಿರು ಹೊಲದಿಂದ ಉಡಿಯಲ್ಲಿ ತುಂಬಿ ತಂದು ರೊಟ್ಟಿಯೊಡನೆ ಬಡಿಸುತ್ತಿದ್ದ ಹಕ್ಕರಕಿಯನ್ನು ಕಳೆನಾಶಕದ ಔಷಧಿ ಸುಟ್ಟುಹಾಕುತ್ತಿದೆ. ಅಮೆರಿಕ ಖಂಡದಿಂದ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟ ಕಾಂಗ್ರೆಸ್ ಕಸ ಇಂದು ಊರ ಬಯಲನ್ನೆಲ್ಲ ಆಕ್ರಮಿಸಿದೆ. ತುಂಬೆ ಇದ್ದ ಜಾಗದಲ್ಲಿ ಅದು ನಿಂತಿರುವುದನ್ನು ತುಂಬೆಯ ಗುರುತೇ ಇಲ್ಲದ ಮಗು ಹೇಗೆ ತಾನೆ ಅರಿತೀತು? ಹೆಸರು ಮರೆತಲ್ಲಿ ಗಿಡ ಸದ್ದಿಲ್ಲದೆ ಮರೆಯಾಗುತ್ತದೆ.

ನಮ್ಮ ಭಕ್ತಿಯಲ್ಲಿಯೂ ಒಂದು ಲೋಪವುಂಟು. ಶ್ರಾವಣದಲ್ಲಿ ಬಿಲ್ವದ ಟೊಂಗೆಗಳನ್ನೇ ಮುರಿದು ಹೊರೆಗಟ್ಟಿ ತರುವವರಿದ್ದಾರೆ. ಲಿಂಗಪೂಜೆಗೆ ಬೇಕಾದದ್ದು ದಳ, ಟೊಂಗೆಯಲ್ಲ. ಒಮ್ಮೆ ಏರಿಸಿದ ಬಿಲ್ವವನ್ನು ತೊಳೆದು ಮತ್ತೆ ಏರಿಸಬಹುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪತಿಯು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪರಂಪರೆಯವರು ನಾವು. ಅಗತ್ಯಕ್ಕಿಂತ ಅಧಿಕ ಪತ್ರಿ ಕೊಯ್ದು ಪೂಜಿಸಿದರೆ ಅದು ಆಕೆಯ ನಿಲುವಿಗೆ ಒಪ್ಪಿತವಾದೀತೇ?

ಕೂಡಿ ಕಾಯುವವರ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಶಿಗ್ಗಾಂವಿಯ ನೆರೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ತಾಯಂದಿರು ಸಾವೆ, ನವಣೆ ಮೊದಲಾದ ಸಿರಿಧಾನ್ಯಗಳ ದೇಸಿ ಬೀಜಗಳನ್ನು ಕಾಪಾಡುವ ಬೀಜ ಬ್ಯಾಂಕನ್ನು ಕಟ್ಟಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಅವರಿಗೆ ‘ಈಕ್ವೇಟರ್’ ಪ್ರಶಸ್ತಿ ನೀಡಿತು. ಅವರು ಬೆಳೆಯ ಬೀಜಕ್ಕಾಗಿ ಮಾಡಿದುದನ್ನು ನಾವು ಬದುವಿನ ಗಿಡಕ್ಕಾಗಿ ಮಾಡಬಾರದೇಕೆ?

ಇದಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನರನ್ನು ಕೇಳಿ ಆ ಊರಿನ ಸಸ್ಯ, ಪ್ರಾಣಿ, ಪಾರಂಪರಿಕ ಜ್ಞಾನಗಳ ದಾಖಲೆಯನ್ನು ಸಿದ್ಧಪಡಿಸಬೇಕು. ಆ ದಾಖಲೆ ಪಂಚಾಯಿತಿಯ ಕಪಾಟಿನಲ್ಲಿ ಮಲಗಿದ್ದರೆ ಫಲವಿಲ್ಲ. ಅದನ್ನು ಕೇಳಿ ನೋಡುವ, ಓದುವ, ತಪ್ಪಿದ್ದರೆ ತಿದ್ದಿಸುವ ಜನ ಊರಿನಲ್ಲಿರಬೇಕು.

ಆದುದರಿಂದ ನನ್ನದೊಂದು ಬಿನ್ನಹ. ಅಮಾವಾಸ್ಯೆಯಂದು ಮಠಕ್ಕೆ ಬರುವ ಹತ್ತು ಜನ ಕೂಡಿ ಒಂದು ಬಳಗ ಮಾಡಿಕೊಳ್ಳಿ. ಅದರಲ್ಲಿ ಗಿಡ ಬಲ್ಲ ಒಬ್ಬ ಅಜ್ಜಿ, ದನ ಕಾಯ್ದು ಅನುಭವವಿರುವ ಒಬ್ಬ ಹಿರಿಯ, ಒಬ್ಬ ಶಿಕ್ಷಕ, ನಾಲ್ಕಾರು ಮಕ್ಕಳು ಇರಲಿ. ಮಠದಿಂದ ಕೆರೆಯ ಏರಿಯವರೆಗೆ ನಿಧಾನವಾಗಿ ನಡೆಯಿರಿ. ಪ್ರತಿ ಗಿಡದ ಊರಿನ ಹೆಸರು, ಇರುವ ಸ್ಥಳ, ಹೂ ಬಿಡುವ ತಿಂಗಳು, ಬೀಜ ಬಲಿಯುವ ತಿಂಗಳು, ಹೇಳಿದವರ ಹೆಸರು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮಳೆಗಾಲದ ಗಿಡ ಬೇಸಿಗೆಯಲ್ಲಿ ಕಾಣದಾದ್ದರಿಂದ ವರುಷದುದ್ದಕ್ಕೂ ಅದೇ ದಾರಿಯಲ್ಲಿ ನಡೆಯಬೇಕು. ಗಿಡವನ್ನು ಕೀಳಬೇಡಿ, ಬಲಿತ ಬೀಜದಲ್ಲಿ ಕೆಲವನ್ನಷ್ಟೇ ತಂದು ಮಠದ ಹಿತ್ತಲಿನಲ್ಲಿಯೂ ಶಾಲೆಯ ಬೇಲಿಯಲ್ಲಿಯೂ ಬಿತ್ತಿರಿ. ಔಷಧಿಯ ಗುಣ ಕೇಳಿದೊಡನೆ ಸೇವಿಸುವ ಸಾಹಸವೂ ಬೇಡ. ಒಂದರಂತೆ ತೋರುವ ಇನ್ನೊಂದು ಗಿಡ ವಿಷವಾಗಿದ್ದೀತು.

ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದಾಗ, ಕೈತಪ್ಪಿ ಹೋಗುತ್ತಿದ್ದ ವಿದ್ಯೆಯನ್ನು ಮುಂದಿನವರಿಗೆ ಒಪ್ಪಿಸುವ ಚಿಂತೆ ಅವರದಾಗಿತ್ತು. ತಾಡವಾಲೆಯಲ್ಲಿದ್ದ ವಿದ್ಯೆಗೆ ಅಂದು ಪೂಜ್ಯರು ಕಾವಲಾದರು. ತಾಯಂದಿರ ನಾಲಿಗೆಯ ಮೇಲಿರುವ ವಿದ್ಯೆಗೆ ಇಂದು ಕಾವಲಾಗಬೇಕಾದವರು ನಾವು. ನಿಮ್ಮ ಮನೆಯಲ್ಲಿಯೂ ಎಂಬತ್ತು ದಾಟಿದ ಅಜ್ಜಿಯೊಬ್ಬರಿರಬಹುದು. ಬರುವ ಅಮಾವಾಸ್ಯೆಯವರೆಗೂ ಕಾಯಬೇಡಿ. ಇಂದು ಸಂಜೆಯೇ ಮಗುವನ್ನು ಅವರ ಪಕ್ಕದಲ್ಲಿ ಕೂರಿಸಿ, ಹಿತ್ತಲಿನ ಒಂದು ಗಿಡದ ಹೆಸರು ಕೇಳಿಸಿರಿ. ನಾನು ಕೇಳದೆ ಕಳೆದುಕೊಂಡೆ. ನೀವು ಕೇಳಿ ಉಳಿಸಿಕೊಳ್ಳಿರಿ.