ಬಾಗಿದ್ದು ಕಂಬವೋ, ಮಸೂರವೋ?

ಗಾಜಿಪುರದ ವಿದ್ಯಾರ್ಥಿಯೊಬ್ಬ ಕಲಬುರಗಿ ಕೋಟೆಯ ಜಾಮಿ ಮಸೀದಿಯ ಚಿತ್ರ ತೆಗೆದು ತಂದ. 1367ರಲ್ಲಿ ಕಟ್ಟಿದ, ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ ಅಪರೂಪದ ಕಟ್ಟಡವದು. "ಅಂಚಿನ ಕಂಬ ಹೊರಗ ಬಾಗ್ಯಾವ್ರಿ ಸರ್, ಬೀಳ್ತಾವೇನ್ರಿ?" ಎಂದು ಕೇಳಿದ.

ಗಾಬರಿ ಬೇಡ. ಅಗಲ ಕೋನದ ಮಸೂರವು ಸಾಮಾನ್ಯವಾಗಿ ಚಿತ್ರದ ನಡುಭಾಗವನ್ನು ಹೆಚ್ಚು, ಅಂಚನ್ನು ಕಡಿಮೆ ಹಿಗ್ಗಿಸುತ್ತದೆ. ಆದ್ದರಿಂದ ಅಂಚಿನ ನೇರ ಗೆರೆಗಳು ಪೀಪಾಯಿಯ ಹೊಟ್ಟೆಯಂತೆ ಉಬ್ಬುತ್ತವೆ. ನಟ್ಟನಡುವೆ ಹಾಯುವ ಗೆರೆ ನೇರವಾಗಿಯೇ ಉಳಿಯುತ್ತದೆ.

ಕಂಬಗಳು ಮೇಲೆ ಹೋದಂತೆ ಒಂದರತ್ತ ಒಂದು ವಾಲಿದರೆ ಅದು ಬೇರೆ ಮಾತು. ಅದು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದರ ಫಲ, ಮಸೂರದ ತಪ್ಪಲ್ಲ. ಹಿಂದೆ ಸರಿದು, ಕ್ಯಾಮೆರಾವನ್ನು ನೆಟ್ಟಗೆ ಹಿಡಿಯಬೇಕು.

ಉಬ್ಬನ್ನು ಕಂಪ್ಯೂಟರ್ ತಿದ್ದುತ್ತದೆ. ನಡುವಿನಿಂದ ಪ್ರತಿ ಬಿಂದು ಎಷ್ಟು ದೂರವಿದೆ ಎಂದು ಲೆಕ್ಕಹಾಕಿ ಅದನ್ನು ಸರಿಯಾದ ಜಾಗಕ್ಕೆ ಸರಿಸುತ್ತದೆ. ಆಗ ಅಂಚು ತುಸು ಕತ್ತರಿಸಿಹೋಗುವುದರಿಂದ ಸುತ್ತ ಜಾಗ ಬಿಟ್ಟು ಚಿತ್ರ ತೆಗೆಯಿರಿ. ಈಗಿನ ಅನೇಕ ಮೊಬೈಲುಗಳು ಈ ಕೆಲಸವನ್ನು ತಾವೇ ಮಾಡುತ್ತವೆ.

ಆದರೆ ಕಣ್ಣಂದಾಜಿನಲ್ಲಿ ಎಲ್ಲವನ್ನೂ ನೇರ ಮಾಡುತ್ತ ಹೋದರೆ, ಹಳೆಯ ಗೋಡೆಯ ನಿಜವಾದ ಉಬ್ಬೂ ಮಾಯವಾದೀತು! ಕಟ್ಟಡದ ರೋಗ ಮುಚ್ಚಿಡುವ ಚಿತ್ರ ದಾಖಲೆಯಾಗದು. ಅದಕ್ಕೇ ಅದೇ ಮಸೂರದಿಂದ ಗ್ರಾಫ್ ಹಾಳೆಯ ಚಿತ್ರ ತೆಗೆದು, ಅದರ ಗೆರೆಗಳು ನೇರವಾಗುವಷ್ಟೇ ತಿದ್ದಿರಿ. ಕಟ್ಟಡದ ಚಿತ್ರಕ್ಕೂ ಅಷ್ಟೇ ತಿದ್ದುಪಡಿ ಸಾಕು.

ಹುಡುಗನಿಗೆ ಇನ್ನೂ ಸುಲಭದ ಪರೀಕ್ಷೆ ಹೇಳಿದೆ: "ಅದೇ ಕಂಬವನ್ನು ಚಿತ್ರದ ನಟ್ಟನಡುವೆ ತಂದು ಮತ್ತೊಮ್ಮೆ ತೆಗೆ. ನೇರವಾಗಿ ಕಂಡರೆ ತಪ್ಪು ಮಸೂರದ್ದು. ಆಗಲೂ ಬಾಗಿದ್ದರೆ ಕಂಬದ್ದು."

ಪಾಲಕರೇ, ಭಾನುವಾರ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳೊಂದಿಗೆ ನೀವೂ ಮಾಡಿ ನೋಡಿರಿ.