ಶತ್ರು ಅಳಿದ ಮೇಲೆ ಬಂದ ಅಸ್ತ್ರ

2025ರ ಜೂನ್ 22ರಂದು ಅಮೆರಿಕದ ಏಳು ಬಿ-2 ಬಾಂಬರ್ ವಿಮಾನಗಳು ಇರಾನಿನ ಫೋರ್ದೋ ಮತ್ತು ನತಾಂಜ್ ಅಣುಕೇಂದ್ರಗಳ ಮೇಲೆ 14 ಭಾರೀ ಬಾಂಬುಗಳನ್ನು ಹಾಕಿದವು. ಮರುದಿನ ನಮ್ಮಲ್ಲಿ ಹಲವರು ಚರ್ಚಿಸಿದ್ದು ದಾಳಿಯ ನ್ಯಾಯಾನ್ಯಾಯವನ್ನಲ್ಲ. ರಾಡಾರಿನ ಕಣ್ಣು ತಪ್ಪಿಸುವ ಆ ವಿಮಾನದ ಮಹಿಮೆಯನ್ನು. ಅಷ್ಟಕ್ಕೂ ಅದು ಯಾರಿಗಾಗಿ ನಿರ್ಮಾಣವಾಯಿತು? ಅದನ್ನು ಸಾಕುವ ವೆಚ್ಚವೆಷ್ಟು?

ಬಿ-2 ಸೋವಿಯತ್ ಒಕ್ಕೂಟದ ವಿರುದ್ಧದ ಅಣುಯುದ್ಧಕ್ಕೆಂದು ರೂಪುಗೊಂಡ ವಿಮಾನ. 1989ರ ಜುಲೈಯಲ್ಲಿ ಅದು ಮೊದಲ ಬಾರಿ ಹಾರಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಅಳಿಯಿತು. ಮೊದಲ ವಿಮಾನ ಮಿಸ್ಸೌರಿಯ ವೈಟ್‌ಮನ್ ನೆಲೆಯನ್ನು ಸೇರಿದ್ದು 1993ರ ಡಿಸೆಂಬರ್‌ನಲ್ಲಿ. ಅಂದರೆ ಅಸ್ತ್ರ ಕೈಗೆ ಬರುವ ವೇಳೆಗೆ ಶತ್ರುವೇ ಇರಲಿಲ್ಲ!

ಯೋಜಿಸಿದ್ದು 132 ವಿಮಾನಗಳು, ತಯಾರಾದದ್ದು ಕೇವಲ 21. ಸಂಶೋಧನೆಯ ವೆಚ್ಚವನ್ನೂ ಸೇರಿಸಿದರೆ 1997ರ ಬೆಲೆಯಲ್ಲಿ ಒಂದೊಂದಕ್ಕೂ ತಗುಲಿದ್ದು 200 ಕೋಟಿ ಡಾಲರಿಗೂ ಅಧಿಕ. ಖರ್ಚು ಅಲ್ಲಿಗೇ ಮುಗಿಯಲಿಲ್ಲ. ಇಪ್ಪತ್ತೊಂದೇ ವಿಮಾನಗಳಿಗಾಗಿ ಯಾವ ಕಾರ್ಖಾನೆ ತಾನೇ ದಶಕಗಳ ಕಾಲ ಬಿಡಿಭಾಗ ತಯಾರಿಸುತ್ತಾ ಕೂರುತ್ತದೆ? ಉತ್ಪಾದನೆ ನಿಂತ ಬಿಡಿಭಾಗವನ್ನು ವಿಶೇಷವಾಗಿ ಮಾಡಿಸಬೇಕು. ಕೇಳಿದ ಬೆಲೆ ತೆರಬೇಕು. ರಾಡಾರಿನಿಂದ ಮರೆಮಾಚುವ ಮೈಲೇಪನವೂ ಸೂಕ್ಷ್ಮ. ಅದಕ್ಕೆ ತೇವ ಮತ್ತು ಉಷ್ಣವನ್ನು ನಿಯಂತ್ರಿಸುವ ವಿಶೇಷ ಹ್ಯಾಂಗರ್ ಬೇಕು. 2008ರ ಫೆಬ್ರವರಿಯಲ್ಲಿ ಗುವಾಮ್ ದ್ವೀಪದಲ್ಲಿ ಒಂದು ಬಿ-2 ನೆಲ ಬಿಟ್ಟೇಳುವಾಗಲೇ ಬಿದ್ದು ಸುಟ್ಟುಹೋಯಿತು. ಕಾರಣ, ಸಂವೇದಕಗಳೊಳಗೆ ಸೇರಿದ್ದ ತೇವಾಂಶ.

ಇಷ್ಟು ದುಬಾರಿಯಾದ ಅಸ್ತ್ರವನ್ನು ಸುಮ್ಮನೆ ನಿಲ್ಲಿಸಿಡುವುದು ಯಾವ ಸರಕಾರಕ್ಕೂ ಸುಲಭವಲ್ಲ. ಆದ್ದರಿಂದ ಯಾರಿಗಾಗಿ ಅದು ನಿರ್ಮಾಣವಾಗಿತ್ತೋ ಅವರಲ್ಲದ ಇತರರ ಮೇಲೆ ಅದು ಹಾರಿತು. 1999ರಲ್ಲಿ ಯುಗೋಸ್ಲಾವಿಯಾ, 2001ರಲ್ಲಿ ಅಫಘಾನಿಸ್ತಾನ, 2003ರಲ್ಲಿ ಇರಾಕ್, 2011ರಲ್ಲಿ ಲಿಬಿಯಾ, 2024ರಲ್ಲಿ ಯಮನ್, 2025ರಲ್ಲಿ ಇರಾನ್. ಇವುಗಳಲ್ಲಿ ಯಾವುದು ಮಹಾಶಕ್ತಿ? 1999ರ ಮೇ 7ರಂದು ಇದೇ ವಿಮಾನ ಬೆಲ್‌ಗ್ರೇಡಿನ ಚೀನಾ ರಾಯಭಾರ ಕಚೇರಿಗೆ ಬಾಂಬು ಹಾಕಿ ಮೂವರು ಚೀನೀಯರನ್ನು ಕೊಂದಿತು. ನಕ್ಷೆ ತಪ್ಪಾಗಿತ್ತೆಂದು ಅಮೆರಿಕ ಸಮಜಾಯಿಷಿ ನೀಡಿತು. ಬೇರೆಯವರ ಕಣ್ಣಿಗೆ ಕಾಣದಂತೆ ಹಾರಲು ಕಲಿತ ವಿಮಾನಕ್ಕೆ ಕೆಳಗಿರುವುದು ಯಾರ ಕಟ್ಟಡವೆಂಬುದೇ ತಿಳಿದಿರಲಿಲ್ಲ!

ಇರಾನಿನ ಅಣು ಯೋಜನೆಯ ಕುರಿತು ಸಂಶಯಗಳಿದ್ದರೆ ಅದಕ್ಕೆ ತಪಾಸಣೆ ಮತ್ತು ಸಂಧಾನದ ದಾರಿಗಳಿವೆ. ಸಹಸ್ರಾರು ಅಣ್ವಸ್ತ್ರಗಳನ್ನು ಸಂಗ್ರಹಿಸಿಟ್ಟುಕೊಂಡ ರಾಷ್ಟ್ರವು ಅಣ್ವಸ್ತ್ರವನ್ನೂ ಹೊರಬಲ್ಲ ವಿಮಾನದಲ್ಲಿ ಬಂದು ನಿಶ್ಶಸ್ತ್ರೀಕರಣದ ಪಾಠ ಹೇಳುವುದಕ್ಕೆ ಏನೆನ್ನಬೇಕು?

ಬಿ-2 ಸಾಕುವುದು ಕಷ್ಟವಾದ್ದರಿಂದ ಅಮೆರಿಕ ಪಾಠ ಕಲಿಯಿತೆಂದು ಭಾವಿಸಬೇಡಿ. ಅದರ ಸ್ಥಾನಕ್ಕೆ ಕನಿಷ್ಠ 100 ಬಿ-21 ವಿಮಾನಗಳನ್ನು ಕೊಳ್ಳುವ ಯೋಜನೆ ಹಾಕಿತು. 2023ರ ನವೆಂಬರ್‌ನಲ್ಲಿ ಮೊದಲ ಬಿ-21 ಹಾರಿದ್ದೂ ಆಯಿತು. ಶತ್ರುವಿಗಾಗಿ ಅಸ್ತ್ರ ತಯಾರಿಸುವ ಕಾಲ ಹೋಗಿ, ಅಸ್ತ್ರಕ್ಕಾಗಿ ಶತ್ರುವನ್ನು ಹುಡುಕುವ ಕಾಲ ಬಂದಿದೆ. ನಮ್ಮ ಮಕ್ಕಳು ಆ ವಿಮಾನದ ಚಿತ್ರವನ್ನು ಬೆರಗಿನಿಂದ ತೋರಿಸಿದಾಗ, ಅದು ಈವರೆಗೆ ಯಾರ ಮನೆಯ ಮೇಲೆಲ್ಲ ಹಾರಿದೆ ಎಂಬುದನ್ನೂ ನಾವು ಅವರಿಗೆ ಹೇಳಬೇಕಾಗಿದೆ.