ಗೆದ್ದವರಾರು?

ಗೆದ್ದ ಎತ್ತಿನ ಬಾಲ ಹಿಡಿಯುವುದು ಲೋಕರೂಢಿ. ಆದರೆ ಗೆದ್ದವರಾರು, ಸೋತವರಾರು ಎಂದು ನಿರ್ಣಯಿಸಲು ಎಷ್ಟು ಕಾಲ ಕಾಯಬೇಕು? ಕಡಲಿನ ಎರಡು ಚಿಪ್ಪುಗಳ ಕಥೆಯನ್ನು ಕೇಳಿದರೆ ಅವಸರದ ತೀರ್ಪು ನಾಲಗೆಯ ತುದಿಯಲ್ಲಿಯೇ ನಿಂತುಬಿಡುತ್ತದೆ.

ಮೊದಲನೆಯದು ನಾಟಿಲಸ್. ಜೂಲ್ಸ್ ವರ್ನನ ಕಾದಂಬರಿಯಲ್ಲಿ ನೇಮೊ ನಾಯಕನ ಜಲಾಂತರ್ನೌಕೆಗೆ ಇದೇ ಹೆಸರು. ಅದು ಸಾರ್ಥಕವಾದ ಹೆಸರೂ ಹೌದು. ಈ ಪ್ರಾಣಿ ಬೆಳೆದಂತೆಲ್ಲ ಚಿಪ್ಪಿನ ಬಾಯಿಯತ್ತ ಸರಿದು, ಬೆನ್ನ ಹಿಂದೆ ಗೋಡೆಯೆಬ್ಬಿಸಿ, ಹಳೆಯ ಕೋಣೆಯನ್ನು ಮುಚ್ಚುತ್ತದೆ. ಕೋಣೆಗಳನ್ನೆಲ್ಲ ಹಾದುಹೋಗುವ ಸಣ್ಣ ನಾಳವೊಂದು ಅಲ್ಲಿಯ ನೀರನ್ನು ಹೀರುತ್ತದೆ. ಆ ಎಡೆಯನ್ನು ಅನಿಲ ತುಂಬುತ್ತದೆ. ಹೀಗಾಗಿ ಭಾರವಾದ ಮನೆಯನ್ನು ಹೊತ್ತೂ ಅದು ನಡುನೀರಿನಲ್ಲಿ ಹಗುರವಾಗಿ ನಿಲ್ಲಬಲ್ಲುದು.

ಎರಡನೆಯದು ಅದರ ದಾಯಾದಿ, ಅಟೂರಿಯ. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಡೈನೋಸಾರುಗಳನ್ನೂ ಅಮೊನೈಟುಗಳನ್ನೂ ಅಳಿಸಿದ ಮಹಾವಿನಾಶದ ತರುವಾಯ ತಲೆಯೆತ್ತಿದ ಕುಲವಿದು. ಚಿಪ್ಪು ಚಪ್ಪಟೆ, ನುಣುಪು. ಕೋಣೆಯ ಗೋಡೆ ಚಿಪ್ಪನ್ನು ಕೂಡುವೆಡೆ ನಾಟಿಲಸ್ಸಿನಲ್ಲಿ ಮೆಲುವಾಗಿ ಬಳುಕುವ ಗೆರೆ, ಅಟೂರಿಯದಲ್ಲಿ ಚೂಪಾಗಿ ಒಳನುಗ್ಗುತ್ತದೆ. ಇದರ ಪಳೆಯುಳಿಕೆಗಳು ಯೂರೋಪು, ಆಫ್ರಿಕ, ಅಮೆರಿಕ, ಜಪಾನು, ಆಸ್ಟ್ರೇಲಿಯಗಳಲ್ಲಿ ದೊರೆತಿವೆ. ಅಂಟಾರ್ಕ್ಟಿಕದ ಸೀಮೋರ್ ದ್ವೀಪವೂ ಇದನ್ನು ಬಲ್ಲುದು. ಪ್ರಾಣಿ ಸತ್ತ ಮೇಲೆ ಬರಿಯ ಚಿಪ್ಪು ಅಲೆಗಳ ಮೇಲೆ ದೂರ ತೇಲಿಹೋಗುವುದುಂಟು. ಆದುದರಿಂದ ಚಿಪ್ಪು ಸಿಕ್ಕಿದೆಡೆಯೆಲ್ಲ ಅದು ಬಾಳಿತ್ತೆಂದು ಹೇಳಲಾಗದು. ಆದರೂ ಅಂದು ಪಣ ಕಟ್ಟುವವರಿದ್ದಿದ್ದರೆ ಅಟೂರಿಯದ ಮೇಲೆಯೇ ಕಟ್ಟುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಮೈಯೋಸೀನ್ ಯುಗ ಮುಗಿಯುವ ಹೊತ್ತಿಗೆ, ಎಂದರೆ ಸುಮಾರು 50 ಲಕ್ಷ ವರ್ಷಗಳ ಹಿಂದೆ, ಆ ವಂಶ ನಿರ್ವಂಶವಾಗಿತ್ತು. ಉಳಿದದ್ದು ಹಿಂದೂ ಮಹಾಸಾಗರ, ಶಾಂತಸಾಗರಗಳ ಹವಳದ ದಿಬ್ಬಗಳ ಇಳಿಜಾರಿನಲ್ಲಿ, ಆಳದ ತಂಪು ನೀರಿನಲ್ಲಿ ಅಡಗಿ ಬಾಳುವ ನಾಟಿಲಸ್ಸು.

ಹಾಗಾದರೆ ಗೆದ್ದದ್ದು ನಾಟಿಲಸ್ಸೇ? ಅಷ್ಟು ಬೇಗ ಬಾಲ ಹಿಡಿಯುವುದು ಬೇಡ. ಅದರ ಬಾಳು ನಿಧಾನ. ಇಡುವ ಮೊಟ್ಟೆಗಳು ಕೆಲವೇ. ಮರಿಯಾಗಲು ಸುಮಾರು ಒಂದು ವರ್ಷ. ಪ್ರಾಯಕ್ಕೆ ಬರಲು 10ರಿಂದ 15 ವರ್ಷ. ಈ ನಿಧಾನ ಯುಗಯುಗಗಳಿಗೆ ಸಾಕಾಗಿತ್ತು. ಮನುಷ್ಯ ಚಿಪ್ಪಿನ ಚೆಲುವಿಗೆ ಮರುಳಾಗಿ, ಮಾಂಸದ ತುಣುಕನ್ನಿಟ್ಟು ಬೋನು ಇಳಿಬಿಟ್ಟಾಗ ಅದು ಸಾಲದಾಯಿತು. ಕೆಲವೆಡೆ ಅದರ ಸಂತತಿ ಬಹಳವಾಗಿ ಕುಗ್ಗಿತು. 2016ರಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ ಇದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವನ್ನು ವಿಧಿಸಬೇಕಾಯಿತು.

ಅಟೂರಿಯದ ಅಳಿವಿನಲ್ಲಿ ನಮ್ಮ ಕೈವಾಡವಿರಲಿಲ್ಲ. ಆಗ ನಾವು ಹುಟ್ಟಿಯೇ ಇರಲಿಲ್ಲ. ನಾಟಿಲಸ್ಸಿನ ವಿಷಯದಲ್ಲಿ ಆ ಮಾತನ್ನಾಡುವ ಹಕ್ಕು ನಮಗಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಆ ಮುತ್ತಿನ ಹೊಳಪು ಕಂಡಾಗ, ವಾಚಕರೇ, ಕಣ್ಣು ತಣಿಯಲಿ. ಕೈ ಮಾತ್ರ ಜೇಬಿಗೆ ಹೋಗದಿರಲಿ.